ತೆರಿಗೆದಾರ ಎಂದರೆ ಯಾರು?

ಮುಂಗಡಪತ್ರ ಮಂಡನೆಯಾದ ಸಂಜೆ ತಪ್ಪದೆ ಕೇಳಿಬರುವ ಮಾತು: ‘ನಮ್ಮ ತೆರಿಗೆ ದುಡ್ಡನ್ನು ಅವರಿಗೆ ಬಿಟ್ಟಿ ಹಂಚುತ್ತಾರೆ.’ ಇಲ್ಲಿ ‘ನಾವು’ ಯಾರು, ‘ಅವರು’ ಯಾರು?

ಆದಾಯ ತೆರಿಗೆ ಕಟ್ಟುವವರು ನಮ್ಮಲ್ಲಿ ಕಡಿಮೆ, ನಿಜ. ಆದರೆ 2017ರ ಜುಲೈ 1ರಂದು ಬಂದ ಜಿಎಸ್‌ಟಿ ಯಾರ ಪ್ಯಾನ್ ಕಾರ್ಡನ್ನೂ ಕೇಳುವುದಿಲ್ಲ. ಸ್ನಾನದ ಸೋಪಿನ ಮೇಲಿನ ಶೇ 18ರ ತೆರಿಗೆ ಶೇ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮುಂಚೆಯೂ ಆಮೇಲೂ ಕೂಲಿಯ ಹೆಂಗಸೂ ಕಂಪನಿಯ ಒಡೆಯನೂ ತೆರುವುದು ಒಂದೇ ದರ. 2019ರ ಸೆಪ್ಟೆಂಬರ್‌ನಲ್ಲಿ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಕೇಂದ್ರವು ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಇದರಿಂದ ಮತ್ತು ಜೊತೆಗೆ ಕೊಟ್ಟ ಇತರ ರಿಯಾಯಿತಿಗಳಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕೈತಪ್ಪುತ್ತದೆಂದು ಸರ್ಕಾರವೇ ಅಂದಾಜಿಸಿತ್ತು. ಅದಕ್ಕೆ ಸಿಕ್ಕ ಹೆಸರು ‘ಉತ್ತೇಜನ’. ಬಿಟ್ಟಿ ಭಾಗ್ಯ ಎಂದವರು ವಿರಳ.

ಹಾಗೆಂದು ಇಂಥ ಹಂಚಿಕೆಗೆ ಮಾಡುವ ಸಾಲದ ಪ್ರಶ್ನೆಯನ್ನು ಜಾರಿಸಿಬಿಡುವಂತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸರ್ಕಾರಕ್ಕೆ ಅರ್ಧ ಮಾತ್ರ ಒಪ್ಪುತ್ತದೆ. ಸಾಲ ಮಾಡಿ ಬಾವಿ ತೋಡಿಸಿದರೆ ಮುಂದಿನವರಿಗೆ ಸಾಲದ ಜೊತೆ ನೀರೂ ಉಳಿಯುತ್ತದೆ; ಸಾಲ ಮಾಡಿ ರೇಷನ್ ತಂದರೆ ಸಾಲವಷ್ಟೇ ಉಳಿಯುತ್ತದೆ. ಕರ್ನಾಟಕದ 2025-26ರ ಮುಂಗಡಪತ್ರದ ಗಾತ್ರ 4.09 ಲಕ್ಷ ಕೋಟಿ. ಅದರಲ್ಲಿ ಅಂದಾಜಿಸಿದ ವಿತ್ತೀಯ ಕೊರತೆ 90,428 ಕೋಟಿ, ಅಂದರೆ ರಾಜ್ಯದ ಒಟ್ಟು ಉತ್ಪನ್ನದ ಶೇ 2.95. ಶೇ 3ರ ಮಿತಿ ದಾಟಿಲ್ಲವೆಂದು ಆಳುವವರು ನಿಟ್ಟುಸಿರು ಬಿಟ್ಟರು. ನನಗೆ ಕಳವಳ ತಂದದ್ದು ಇನ್ನೊಂದು ಅಂಕಿ: ರಾಜಸ್ವ ಕೊರತೆ 19,262 ಕೋಟಿ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂಥ ದಿನನಿತ್ಯದ ಖರ್ಚಿಗೂ ಇಷ್ಟು ಸಾಲ ಬೇಕಾಯಿತು. ಇದನ್ನು ತೀರಿಸಬೇಕಾದ ಮಕ್ಕಳಿಗೆ ಇವತ್ತು ಮತವಿಲ್ಲ. ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳನ್ನು ಬೆಂಬಲಿಸುವವರು (ನಾನೂ ಅವರಲ್ಲೊಬ್ಬ) ಇದಕ್ಕೆ ಉತ್ತರ ಕೊಡಲೇಬೇಕು.

ಆ ಉತ್ತರ ಖರ್ಚಿನ ಪುಟದಲ್ಲಷ್ಟೇ ಇಲ್ಲ, ವರಮಾನದ ಪುಟದಲ್ಲೂ ಇದೆ. ಅದೇ ವರ್ಷ, ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಗೃಹಲಕ್ಷ್ಮಿ ಗ್ಯಾರಂಟಿಗೆ ತೆಗೆದಿಟ್ಟದ್ದು 28,608 ಕೋಟಿ. ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ. ಕುಡಿಯುವವರೆಲ್ಲ ಬಡವರಲ್ಲ, ಯಾರೂ ಬಲವಂತವಾಗಿ ಕುಡಿಸುವುದೂ ಇಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ ಒಂದೇ ಕ್ವಾರ್ಟರ್ ಬಾಟಲಿಯ ತೆರಿಗೆ ದಿನಗೂಲಿಯಲ್ಲಿ ಕಚ್ಚುವ ಪಾಲು ದೊಡ್ಡದು, ತಿಂಗಳ ಸಂಬಳದಲ್ಲಿ ಚಿಕ್ಕದು. ಜನ ಕುಡಿತ ಕಡಿಮೆ ಮಾಡಿದರೆ ಆರೋಗ್ಯ ಇಲಾಖೆ ಹಿಗ್ಗಬೇಕು, ಹಣಕಾಸು ಇಲಾಖೆ ಕೊರತೆಗೆ ಕಾರಣ ಹುಡುಕಬೇಕು. ಅಬಕಾರಿಗೆ ಗುರಿ ಗೊತ್ತುಮಾಡುವಾಗ ಇರುವ ಹುರುಪು ಆಸ್ತಿವಂತರ ತೆರಿಗೆ ಬಾಕಿ ವಸೂಲಿಯಲ್ಲೂ ಕಾಣುತ್ತದೆಯೇ?

ಗಂಡ ಸಂಜೆ ಅಂಗಡಿಯಲ್ಲಿ ಕಟ್ಟಿ ಬಂದ ಅಬಕಾರಿ ತೆರಿಗೆ, ಹೆಂಡತಿ ಸೋಪಿಗೆ ಕೊಟ್ಟ ಜಿಎಸ್‌ಟಿ ಎರಡೂ ಒಂದೇ ಮನೆಯಿಂದ ಹೋದದ್ದು. ಗೃಹಲಕ್ಷ್ಮಿಯ 2,000 ರೂಪಾಯಿ ಅವಳ ಖಾತೆಗೆ ಬಂದಾಗ, ಅವಳೂ ತೆರಿಗೆದಾರಳೆಂದು ಯಾವ ಟಿವಿ ಚರ್ಚೆಯಲ್ಲೂ ನಾನಿನ್ನೂ ಕೇಳಿಲ್ಲ.