ಮಹಜರಿಗೆ ಹೋದವರು

2025ರ ಅಕ್ಟೋಬರ್ ಎರಡನೇ ವಾರ ಮೈಸೂರಿನ ಅಗ್ರಹಾರದಲ್ಲಿ ಎಲ್ಲಿ ನಿಂತರೂ ಒಂದೇ ಮಾತು. ದಸರಾದಲ್ಲಿ ಬಲೂನು ಮಾರಿ ನಾಲ್ಕು ಕಾಸು ಸಂಪಾದಿಸೋಣವೆಂದು ಕಲಬುರಗಿ ಕಡೆಯಿಂದ ಬಂದಿದ್ದ ಕುಟುಂಬದ ಹತ್ತು ವರ್ಷದ ಹುಡುಗಿ ದೊಡ್ಡಕೆರೆ ಮೈದಾನದ ಬಳಿ ಹೆಣವಾಗಿ ಸಿಕ್ಕಿದ್ದಳು. ಜಂಬೂ ಸವಾರಿ ಮುಗಿದು ಆಗಿನ್ನೂ ಒಂದು ವಾರ. ಆರೋಪಿ ಕೊಳ್ಳೇಗಾಲದಲ್ಲಿ ಸಿಕ್ಕಿದ, ತಪ್ಪಿಸಿಕೊಳ್ಳಲು ನೋಡಿದ, ಪೊಲೀಸರು ಕಾಲಿಗೆ ಗುಂಡು ಹೊಡೆದರು ಎಂಬ ಸುದ್ದಿ ಬಂತು.

"ಕಾಲಿಗ್ಯಾಕ್ರೀ ಹೊಡೆದ್ರು? ಎದೆಗೇ ಹೊಡೀಬೇಕಿತ್ತು" ಎಂದರು ನೂರೊಂದು ಗಣಪತಿ ಗುಡಿಯಲ್ಲಿ ಪ್ರದಕ್ಷಿಣೆ ಮುಗಿಸಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಹಿರಿಯರೊಬ್ಬರು. ಜೀವಮಾನದಲ್ಲಿ ಯಾರಿಗೂ ಕೈ ಎತ್ತಿದವರಂತೆ ಕಾಣಲಿಲ್ಲ. ಹೂ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತದೆ, "ಹೌದು ಸ್ವಾಮಿ, ಇನ್ನು ಕೋರ್ಟು ಕಚೇರಿ ಅಂತ ಹತ್ತು ವರ್ಷ ಅನ್ನ ಹಾಕಿ ಸಾಕ್ತಾರೆ" ಎಂದಳು. ಅಲ್ಲಿದ್ದ ಯಾರೂ ಎದುರಾಡಲಿಲ್ಲ.

ಆ ಸಿಟ್ಟನ್ನು ಹಗುರವಾಗಿ ಕಾಣುವವನು ನಾನಲ್ಲ. ಹತ್ತು ವರ್ಷದ ಮಗುವಿನ ಸುದ್ದಿ ಓದಿ ಮೈ ಉರಿಯದಿದ್ದರೆ ಅಂಥವರ ಬಗ್ಗೆಯೇ ಚಿಂತೆ ಮಾಡಬೇಕಾಗುತ್ತದೆ. ಹೂ ಕಟ್ಟುವವಳ ಮಾತಿನಲ್ಲಿ ಸುಳ್ಳೂ ಇಲ್ಲ. ನಮ್ಮ ಕೋರ್ಟುಗಳಲ್ಲಿ ವಾಯಿದೆಯ ಮೇಲೆ ವಾಯಿದೆ ಬೀಳುವುದನ್ನು ಕಂಡವರಾರೂ ಆಕೆಯನ್ನು ತಿದ್ದಲಾರರು. ನನ್ನನ್ನು ಕಾಡುವುದು ಬೇರೆ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಎರಡು ಘಟನೆಗಳು ನಡೆದವು. ಒಂದು ಹುಬ್ಬಳ್ಳಿಯಲ್ಲಿ, ಇನ್ನೊಂದು ಇದೇ ಮೈಸೂರಿನಲ್ಲಿ. ಮೊದಲನೆಯದು ಎಲ್ಲರ ಬಾಯಲ್ಲೂ ಇದೆ. ಎರಡನೆಯದನ್ನು ನಾವು ಅದಾಗಲೇ ಮರೆತಿದ್ದೇವೆ.

ಹುಬ್ಬಳ್ಳಿಯದು ಹೀಗೆ. ಏಪ್ರಿಲ್ 13, ಭಾನುವಾರ. ಐದು ವರ್ಷದ ಬಾಲಕಿಯ ಕೊಲೆಯಾಯಿತು. ಅಶೋಕನಗರ ಠಾಣೆಯ ಮುಂದೆ ಜನ ಸೇರಿ ಆರೋಪಿಯನ್ನು ಗುಂಡಿಟ್ಟು ಕೊಲ್ಲಬೇಕೆಂದು ಪಟ್ಟು ಹಿಡಿದರು. ಕತ್ತಲಾಗುವ ಹೊತ್ತಿಗೆ ಬಿಹಾರದಿಂದ ಕೂಲಿಗೆ ಬಂದಿದ್ದ ಆ ಆರೋಪಿ ಪೊಲೀಸರ ಗುಂಡಿಗೆ ಸತ್ತಿದ್ದ. ಅವನು ಇದ್ದ ಜಾಗ ತೋರಿಸಲೆಂದು ಕರೆದುಕೊಂಡು ಹೋದಾಗ ಕಲ್ಲು ತೂರಿ ಓಡಲು ನೋಡಿದ, ಎಚ್ಚರಿಕೆ ಕೊಟ್ಟರೂ ನಿಲ್ಲಲಿಲ್ಲ, ಮಹಿಳಾ ಪಿಎಸ್‌ಐ ಗುಂಡು ಹಾರಿಸಿದರು ಎಂಬುದು ಪೊಲೀಸರ ಹೇಳಿಕೆ. ಆ ಅಧಿಕಾರಿಯ ಫೋಟೊ ಮರುದಿನ ರಾಜ್ಯದ ಎಲ್ಲರ ಮೊಬೈಲಿನಲ್ಲೂ ಇತ್ತು. ವಿಷಯ ಹೈಕೋರ್ಟಿಗೆ ಹೋಯಿತು, ತನಿಖೆ ಸಿಐಡಿಗೆ ಹೋಯಿತು. ಆ ಸುದ್ದಿ ಒಳಪುಟಗಳಲ್ಲಿ ಬಂತು.

ದಿನಪತ್ರಿಕೆ ಓದುವ ಚಟವಿದ್ದವರಿಗೆ ಈ ವರದಿಯ ಅಚ್ಚು ಬಾಯಿಪಾಠ. ಆರೋಪಿಯನ್ನು ಸ್ಥಳ ಮಹಜರಿಗೆ ಕರೆದೊಯ್ಯಲಾಗುತ್ತದೆ. ಹೊತ್ತು ಸಾಮಾನ್ಯವಾಗಿ ನಸುಕು. ಅವನು ಕಲ್ಲನ್ನೋ ಚಾಕುವನ್ನೋ ಒಡೆದ ಬಾಟಲಿಯನ್ನೋ ಹಿಡಿದು ಕಾನ್‌ಸ್ಟೆಬಲ್ ಮೇಲೆ ಬೀಳುತ್ತಾನೆ. ಇನ್‌ಸ್ಪೆಕ್ಟರ್ ಗಾಳಿಯಲ್ಲಿ ಒಂದು ಸುತ್ತು ಗುಂಡು ಹಾರಿಸಿ ಶರಣಾಗು ಎನ್ನುತ್ತಾರೆ. ಅವನು ಆಗುವುದಿಲ್ಲ. ಆಗ ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು. ಕೊನೆಯ ಸಾಲಿನಲ್ಲಿ ಗಾಯಗೊಂಡ ಕಾನ್‌ಸ್ಟೆಬಲ್ ಮತ್ತು ಆರೋಪಿ ಇಬ್ಬರೂ ಆಸ್ಪತ್ರೆಗೆ ದಾಖಲು. ಊರು ಬೇರೆ, ಹೆಸರು ಬೇರೆ, ಮಿಕ್ಕಿದ್ದು ಅದೇ. ಇವುಗಳಲ್ಲಿ ಎಷ್ಟೋ ನಿಜವಿರಬಹುದು. ಕೊಲೆಗಡುಕ ಸಿಕ್ಕಿಬಿದ್ದಾಗ ಹುಲಿಯಂತೆ ಎರಗುವುದೂ ಉಂಟು. ಆದರೆ ಠಾಣೆಯಿಂದ ಠಾಣೆಗೆ ಒಂದೇ ಕಥೆ ಇಷ್ಟು ಸರಾಗವಾಗಿ ಹರಿದು ಬಂದಾಗ ಯಾರಾದರೂ ಒಮ್ಮೆ ಕೇಳಬೇಡವೇ? ದೊಡ್ಡ ಮನೆಯ ಹುಡುಗರು ಆರೋಪಿಗಳಾದಾಗ ಸ್ಥಳ ಮಹಜರು ಎಷ್ಟು ಸಾವಧಾನವಾಗಿ, ಹಾಡಹಗಲಲ್ಲಿ, ಕಲ್ಲು ಚಾಕುಗಳ ಗೊಡವೆಯಿಲ್ಲದೆ ಮುಗಿಯುತ್ತದೆ ಎನ್ನುವುದನ್ನೂ ನಾವು ನೋಡಿಯೇ ಇದ್ದೇವೆ.

ಈಗ ಆ ತಿಂಗಳ ಎರಡನೆಯ ಘಟನೆ. ಕುಶಾಲನಗರದ ಸಮೀಪದ ಹಾಡಿಯೊಂದರ ಬುಡಕಟ್ಟು ಮನುಷ್ಯ. ಹೆಂಡತಿ ಕಾಣೆಯಾದಳು, ಪೊಲೀಸರಿಗೆ ದೂರು ಕೊಟ್ಟ. ಮುಂದೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ, ಕೊಂದವನು ಗಂಡನೇ ಎಂದು ಪೊಲೀಸರು ತೀರ್ಮಾನಿಸಿದರು. ಅವನು ಸುಮಾರು ಒಂದೂವರೆ ವರ್ಷ ಜೈಲಿನಲ್ಲಿ ಕಳೆದ. ಡಿಎನ್‌ಎ ಪರೀಕ್ಷೆಯಲ್ಲಿ ಆ ಮೂಳೆಗಳು ಅವಳವಲ್ಲ ಎಂದು ಬಂದ ಮೇಲೂ ಮೊಕದ್ದಮೆ ನಿಲ್ಲಲಿಲ್ಲ. ಜಾಮೀನಿನ ಮೇಲೆ ಹೊರಬಂದವನ ಸ್ನೇಹಿತರ ಕಣ್ಣಿಗೆ 2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ಆಕೆ ಬಿದ್ದಳು. ಜೀವಂತವಾಗಿ, ಇನ್ನೊಬ್ಬನ ಜೊತೆ.

ಆಕೆಯನ್ನು ಮೈಸೂರಿನ ಸೆಷನ್ಸ್ ನ್ಯಾಯಾಲಯಕ್ಕೆ ಕರೆತಂದು ನಿಲ್ಲಿಸಲಾಯಿತು. ಯಾರ ಕೊಲೆಯ ವಿಚಾರಣೆ ನಡೆಯುತ್ತಿತ್ತೋ ಅವಳೇ ನ್ಯಾಯಾಧೀಶರ ಮುಂದೆ! ಇಂಥದ್ದನ್ನು ಸಿನಿಮಾದಲ್ಲಿ ತೋರಿಸಿದರೆ ನಾವು ನಗುತ್ತಿದ್ದೆವು. ನ್ಯಾಯಾಲಯ ಪೊಲೀಸ್ ವರಿಷ್ಠಾಧಿಕಾರಿಯಿಂದ ವರದಿ ತರಿಸಿಕೊಂಡಿತು, ತಿಂಗಳು ಮುಗಿಯುವ ಮೊದಲೇ ಆತನನ್ನು ಗೌರವದಿಂದ ಖುಲಾಸೆ ಮಾಡಿತು, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಒಂದೂವರೆ ವರ್ಷದ ಜೈಲಿಗೆ ಒಂದು ಲಕ್ಷ ಯಾವ ಲೆಕ್ಕ ಎಂದು ಕೇಳಬಹುದು, ಕೇಳಬೇಕು ಕೂಡ.

ನನ್ನ ತಲೆಯಲ್ಲಿ ತಿರುಗುವ ಪ್ರಶ್ನೆ ಇನ್ನೊಂದು. ಮೂಳೆ ಸಿಕ್ಕ ಜಾಗಕ್ಕೆ ಇವನನ್ನು ಒಂದು ನಸುಕಿನಲ್ಲಿ ಮಹಜರಿಗೆ ಕರೆದೊಯ್ದಿದ್ದರೆ? ಅಲ್ಲಿ ಅವನು "ಓಡಲು ನೋಡಿದ್ದರೆ"? ಹೆಂಡತಿಯನ್ನು ಕೊಂದ ಪಾಪಿಗೆ ತಕ್ಕ ಶಾಸ್ತಿ ಎಂದು ನಾವೆಲ್ಲ ಕಾಫಿ ಹೀರುತ್ತ ಹೇಳಿ ಮುಗಿಸುತ್ತಿದ್ದೆವು. ಅವನ ಪರ ಮಾತಾಡಲು ಹಾಡಿಯವರನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಮಡಿಕೇರಿಯ ಹೋಟೆಲಿನಲ್ಲಿ ಆಕೆಯನ್ನು ಯಾರಾದರೂ ಗುರುತಿಸಿದ್ದರೂ ಆ ಗುರುತಿನಿಂದ ಅವನಿಗೇನೂ ಆಗುತ್ತಿರಲಿಲ್ಲ. ಕೋರ್ಟು ತಡಮಾಡುತ್ತದೆ, ಸತಾಯಿಸುತ್ತದೆ, ಕೆಲವೊಮ್ಮೆ ಕಣ್ಣೆದುರಿನ ಡಿಎನ್‌ಎ ವರದಿಯನ್ನೂ ಕಾಣದಂತೆ ಕೂರುತ್ತದೆ. ಹಾಗಿದ್ದೂ ಅದಕ್ಕೆ ಮಾಡಿದ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇದೆ. ಗುಂಡಿಗೆ ಇಲ್ಲ.

"ಅದು ಅಪರೂಪದ ಪ್ರಕರಣ, ಬಹುತೇಕ ಆರೋಪಿಗಳು ತಪ್ಪಿತಸ್ಥರೇ" ಎನ್ನುವವರಿಗೆ ಹೈದರಾಬಾದನ್ನು ನೆನಪಿಸಬೇಕು. 2019ರ ನವೆಂಬರ್‌ನಲ್ಲಿ ಅಲ್ಲಿ ಪಶುವೈದ್ಯೆಯ ಅತ್ಯಾಚಾರ, ಕೊಲೆ. ಡಿಸೆಂಬರ್ 6ರ ನಸುಕಿನಲ್ಲಿ ನಾಲ್ವರು ಆರೋಪಿಗಳೂ ಪೊಲೀಸರ ಗುಂಡಿಗೆ ಬಲಿ. ಜನ ಪೊಲೀಸರ ಮೇಲೆ ಹೂ ಎರಚಿದರು. ಕಮಿಷನರ್ ವಿ.ಸಿ. ಸಜ್ಜನರ್ ನಮ್ಮ ಹುಬ್ಬಳ್ಳಿಯವರೆಂದು ಇಲ್ಲಿಯೂ ಸಂಭ್ರಮ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್‌ಕರ್ ಆಯೋಗದ ವರದಿ 2022ರಲ್ಲಿ ಹೊರಬಂದಾಗ ಅದರಲ್ಲಿದ್ದದ್ದು: ಪೊಲೀಸರ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರು, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು. ಹೂ ಎರಚಿದವರಲ್ಲಿ ಈ ವರದಿ ಓದಿದವರೆಷ್ಟೋ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಆ ಆಯೋಗದ ವಿಚಾರಣೆ ಇನ್ನೂ ಮುಗಿಯದಿರುವಾಗಲೇ, ನಮ್ಮ ಪೊಲೀಸರೂ ಹೈದರಾಬಾದಿನ ದಾರಿ ಹಿಡಿಯಬೇಕೆಂದು ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಹೇಳಿದ್ದರು. ಮೈಸೂರು ಪೊಲೀಸರು ಆ ದಾರಿ ಹಿಡಿಯಲಿಲ್ಲ. ಕೆಲವೇ ದಿನಗಳಲ್ಲಿ ತಮಿಳುನಾಡಿಗೆ ಹೋಗಿ ಆರೋಪಿಗಳನ್ನು ಹಿಡಿದು ತಂದರು. ಅದು ಪೊಲೀಸ್ ಕೆಲಸ; ಅದಕ್ಕೆ ಹೂ ಬೀಳಲಿಲ್ಲ.

ಖಾಕಿ ತೊಟ್ಟವರ ಕಷ್ಟ ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 1992ರ ಆಗಸ್ಟ್ 14ರಂದು, ಆಗ ಮೈಸೂರು ಜಿಲ್ಲೆಯಲ್ಲೇ ಇದ್ದ ಮೀಣ್ಯದ ಬಳಿ ಕಾಡುಗಳ್ಳ ವೀರಪ್ಪನ್ ಹೊಂಚು ಹಾಕಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮತ್ತು ಅವರ ಸಿಬ್ಬಂದಿಯನ್ನು ಕೊಂದ. ಮೈಮೇಲೆ ಬಂದವನೆದುರು ಪೊಲೀಸನೂ ಜೀವ ಉಳಿಸಿಕೊಳ್ಳಬೇಕು. ಕಾನೂನು ಅವನಿಗೂ ನನಗೂ ಒಂದೇ ಬಗೆಯ ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ. ಅದು ಮತ್ತು ಘೋರ ಅಪರಾಧದ ಆರೋಪಿಯ ಬಂಧನಕ್ಕೆ ಅನಿವಾರ್ಯವಾದ ಬಲಪ್ರಯೋಗ ಬಿಟ್ಟರೆ, ಕೊಲ್ಲುವ ವಿಶೇಷ ಪರವಾನಗಿ ಯಾವ ಠಾಣೆಗೂ ಇಲ್ಲ. ಅದೇ ವೀರಪ್ಪನ್ ಬೇಟೆಯ ನೆಪದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗರು ಕಾರ್ಯಪಡೆಯವರಿಂದ ಪಟ್ಟ ಪಾಡು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಬಯಲಾಯಿತು. ಮೈಸೂರಿನ ಟಾಡಾ ನ್ಯಾಯಾಲಯದಲ್ಲಿ ವಿಚಾರಣೆಗೊಳಗಾಗಿದ್ದ ನೂರಕ್ಕೂ ಹೆಚ್ಚು ಜನ, ಅವರಲ್ಲಿ ಹಲವರು ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತ ಮೇಲೆ, 2001ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು. ವೀರಪ್ಪನ್‌ಗೆ ಅನ್ನ ಕೊಟ್ಟವರು ಎಂದು ಊರೆಲ್ಲ ನಂಬಿದ್ದು ಅವರನ್ನೇ.

ಇದಕ್ಕೆಲ್ಲ ನಿಯಮವಿಲ್ಲವೇ ಎಂದರೆ, ಇದೆ. ಮೊದಲು ಬರೆದದ್ದು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿ 1997ರಲ್ಲಿ ಎಲ್ಲ ಮುಖ್ಯಮಂತ್ರಿಗಳಿಗೂ ಪತ್ರ ಬರೆದು, ಇಂಥ ಸಾವುಗಳನ್ನು ಹೇಗೆ ತನಿಖೆ ಮಾಡಬೇಕೆಂದು ತಿಳಿಸಿದರು. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹದಿನಾರು ಕಟ್ಟಳೆಗಳಾಗಿ ಬಿಗಿಗೊಳಿಸಿತು. ಎಫ್‌ಐಆರ್ ಆಗಲೇಬೇಕು, ಗುಂಡು ಹಾರಿಸಿದ ಠಾಣೆಯವರೇ ತನಿಖೆ ಮಾಡುವಂತಿಲ್ಲ, ಸಿಐಡಿಯೋ ಬೇರೆ ಠಾಣೆಯ ತಂಡವೋ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ, ಶೌರ್ಯ ನಿಸ್ಸಂಶಯವಾಗಿ ಸಾಬೀತಾಗುವವರೆಗೆ ಸರದಿ ತಪ್ಪಿಸಿ ಬಡ್ತಿಯಾಗಲಿ ಪದಕವಾಗಲಿ ಕೂಡದು. ಈ ಕೊನೆಯದು ನನಗೆ ಬಹಳ ಮುಖ್ಯವೆನಿಸುತ್ತದೆ. ಕೋರ್ಟು ಪದಕವನ್ನು ತಡೆಯಬಲ್ಲದು. ಹಾರ, ಶಾಲು, ಫ್ಲೆಕ್ಸ್‌ಗಳನ್ನು ತಡೆಯುವ ಆದೇಶ ಯಾವ ಕೋರ್ಟೂ ಬರೆಯಲಾರದು. ಅವು ನಮ್ಮ ಕೈಯಲ್ಲಿವೆ.

ಅಗ್ರಹಾರದಿಂದ ಸ್ವಲ್ಪ ನಡೆದರೆ ರಾಮಸ್ವಾಮಿ ಸರ್ಕಲ್. ದಿನಕ್ಕೆ ಸಾವಿರಾರು ಮಂದಿ ಅಲ್ಲಿ ಬಸ್ಸು ಹತ್ತಿ ಇಳಿಯುತ್ತಾರೆ. ರಾಮಸ್ವಾಮಿ ಒಬ್ಬ ವಿದ್ಯಾರ್ಥಿ. 1947ರ ಸೆಪ್ಟೆಂಬರ್, ಸ್ವಾತಂತ್ರ್ಯ ಬಂದು ತಿಂಗಳಾಗುತ್ತಿದ್ದ ಹೊತ್ತು. ದೇಶವೇನೋ ಸ್ವತಂತ್ರವಾಗಿತ್ತು, ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ ಸರ್ಕಾರದ ಗುಂಡಿಗೆ ಆ ಹುಡುಗ ಸತ್ತ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಆ ಹುಡುಗನಿಗೂ ಕೊಲೆ ಆರೋಪಿಗೂ ಹೋಲಿಕೆಯೇ ಎಂದು ಯಾರಾದರೂ ಸಿಡುಕಿದರೆ ಅದು ನ್ಯಾಯವೇ, ಹೋಲಿಕೆ ಇಲ್ಲ. ಆದರೆ ಗುಂಡು ಹಾರಿಸುವ ಅಧಿಕಾರಕ್ಕೆ ಲಗಾಮು ಬೇಡವೆಂದು ನಾವು ಒಪ್ಪಿದ ದಿನ ಅದು ಒಳ್ಳೆಯವರನ್ನು ಬಿಟ್ಟು ಕೆಟ್ಟವರನ್ನೇ ಆರಿಸಿಕೊಂಡು ಹೋಗುವುದಿಲ್ಲ. ಯಾರು ಕೆಟ್ಟವರು ಎನ್ನುವುದನ್ನೂ ಆ ದಿನದ ಸರ್ಕಾರವೇ ಹೇಳುತ್ತದೆ. ಅಂದಿನ ಆಡಳಿತಕ್ಕೆ ರಾಮಸ್ವಾಮಿ ಗಲಭೆ ಮಾಡುವ ಗುಂಪಿನಲ್ಲಿದ್ದ ಒಬ್ಬ, ಅಷ್ಟೆ.

ಇನ್ನು ಹೂ ಕಟ್ಟುವವಳ ಹತ್ತು ವರ್ಷದ ಮಾತು. ಅದಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ. ನ್ಯಾಯಾಧೀಶರ ಖಾಲಿ ಹುದ್ದೆ ತುಂಬಬೇಕು, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬೇಗ ಬರಬೇಕು, ಸರ್ಕಾರಿ ವಕೀಲರಿಗೆ ಕಡತ ಓದುವಷ್ಟು ಬಿಡುವಿರಬೇಕು. ಇವೆಲ್ಲಕ್ಕೂ ದುಡ್ಡು ಬೇಕು, ವರ್ಷಗಳು ಬೇಕು. ಒಂದು ಗುಂಡಿಗೆ ಎರಡೂ ಬೇಡ. ಸಂಜೆಯೊಳಗೆ ಜನ ಶಾಂತ, ಮಂತ್ರಿಗಳು ನಿರಾಳ, ಬಲೂನು ಮಾರಲು ಬಂದ ಕುಟುಂಬದ ಆ ಮಗು ರಾತ್ರಿ ಬೀದಿಬದಿಯಲ್ಲಿ ಯಾಕೆ ಮಲಗಿತ್ತು ಎಂಬ ಪ್ರಶ್ನೆಯೂ ಅಲ್ಲಿಗೆ ಮುಚ್ಚಿಹೋಗುತ್ತದೆ. ನಮ್ಮ ಚಪ್ಪಾಳೆಯಿಂದ ನಿಜವಾಗಿ ಲಾಭವಾಗುವುದು ಯಾರಿಗೆ ಎಂಬುದನ್ನು ಇಷ್ಟರಿಂದಲೇ ತಿಳಿಯಬಹುದು.

ಮುಂದಿನ ಸಲ ಮಹಜರಿಗೆ ಹೋದ ಆರೋಪಿ ಗುಂಡಿಗೆ ಬಿದ್ದ ಸುದ್ದಿ ಬಂದಾಗ, ಓದುಗರೇ, ಕುಣಿಯುವ ಮೊದಲು ಮೂರು ವಿಷಯ ವಿಚಾರಿಸಿ: ಎಫ್‌ಐಆರ್ ಆಯಿತೇ, ತನಿಖೆ ಯಾರ ಕೈಯಲ್ಲಿದೆ, ಮ್ಯಾಜಿಸ್ಟ್ರೇಟರ ವರದಿ ಯಾವಾಗ ಬರುತ್ತದೆ. ನಿಮ್ಮ ಶಾಸಕರನ್ನೇ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.