ಹೊರಟಲ್ಲಿಗೇ ಬರುವ ದಾರಿ

ಯಾರಿಗೂ ಪ್ರಯೋಜನವಿಲ್ಲದ ಕೆಲಸಕ್ಕೆ ಮೈಯ ಕಸುವನ್ನು ವೆಚ್ಚ ಮಾಡುವುದು ಸರಿಯೆ? ಅದೂ ಗೆಲ್ಲುವ ಆಸೆಯಿಲ್ಲದೆ, ನಲವತ್ತೊಂಬತ್ತರ ವಯಸ್ಸಿನಲ್ಲಿ? ಈಜು, ಸೈಕಲ್, ಓಟ ಮೂರನ್ನೂ ನಡುವೆ ಬಿಡುವಿಲ್ಲದೆ ಮುಗಿಸಬೇಕಾದ ಟ್ರಯಥ್ಲಾನ್ ಎಂಬ ಸ್ಪರ್ಧೆಗೆ ಹೆಸರು ಕೊಟ್ಟ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ನಮ್ಮೂರು ಪಾಲಕೋಡ್. ಮಲಯಾಳ ಬಲ್ಲ ಓದುಗರು ಪಾಲಕ್ಕಾಡ್ ಎಂದು ತಿಳಿದಾರು. ಅದಲ್ಲ, ಇದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯದು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವಿನ ಕೈಯಿಂದ ಕಂಪನಿಯ ಕೈಗೆ ಹೋದ ಬಾರಾಮಹಲಿನ ಒಂದು ತುಂಡು. ನಮ್ಮಂಥವರಿಗೆ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು. ಈ ಬಾಳನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಹೊರಗಿನವರು ಊರಿನ ಹೆಸರು ಕೇಳಿರುವುದು ಟೊಮೆಟೊ ಮಾರುಕಟ್ಟೆಯಿಂದ. ಬೆಳಗಿನ ಜಾವ ನಾನು ಅಭ್ಯಾಸಕ್ಕೆ ಓಡುವ ಹೊತ್ತಿಗೇ ಹೆಂಗಸರು ಹಣ್ಣು ಕೀಳಲು ಹೊಲಕ್ಕೆ ನಡೆದಿರುತ್ತಾರೆ. ಸಂಜೆಗೆ ಅವರ ಮೈಯಲ್ಲಿ ಕಸುವು ಮಿಗುವುದಿಲ್ಲ. ನನ್ನದು ಮೇಜಿನ ಮುಂದಿನ ಕೆಲಸ, ಮಿಗುತ್ತದೆ.

ನಾನು ಸೇರಿದ್ದು ಚಿಕ್ಕ ಅಳತೆಯ ಸ್ಪರ್ಧೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ಸ್‌ನಲ್ಲಿ ಎಲ್ಲವೂ ಇದರ ಎರಡರಷ್ಟು. ಆಟವೇನೂ ಹಳೆಯದಲ್ಲ, 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿ, 2000ದಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ಸ್ ಸೇರಿತು. ನಾನು ಈಜು ಕಲಿತದ್ದು ನೀರಾವರಿ ಬಾವಿಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು. ಬಾವಿಯಲ್ಲಿ ಈಜಿದವನಿಗೆ ಬಯಲು ನೀರಿನಲ್ಲಿ ಮುಕ್ಕಾಲು ಕಿಲೋಮೀಟರ್ ಎಂದರೆ ಬೇರೆಯೇ ವಿದ್ಯೆ. ಕೈಯೂರಲು ಗೋಡೆಯೇ ಸಿಗುವುದಿಲ್ಲ.

ದೊಡ್ಡಪ್ಪ ಕೇಳಿದರು: “ಅಲ್ಲಪ್ಪಾ, ಇಪ್ಪತ್ತು ಕಿಲೋಮೀಟ್ರು ತುಳಿದು ಎಲ್ಲಿಗೆ ಹೋಗ್ತೀಯ?”

“ಹೊರಟಲ್ಲಿಗೇ ವಾಪಸ್ ಬರೋದು, ದೊಡ್ಡಪ್ಪ.”

“ಹಂಗಾದ್ರೆ ಹೋಗೋದ್ಯಾಕೆ?”

ನಗೆ ಬಂದರೂ ಪ್ರಶ್ನೆ ನ್ಯಾಯವಾದದ್ದೇ. ದೊಡ್ಡಪ್ಪ ಪ್ರಾಯದಲ್ಲಿ ಸೈಕಲ್ಲಿಗೆ ತರಕಾರಿ ಮೂಟೆ ಕಟ್ಟಿ ಸಂತೆಗೆ ತುಳಿದವರು. ಏರು ಬಂದಾಗ ತೆವಳುವ ಲಾರಿಯ ಹಿಂಬದಿಯ ಸರಪಳಿ ಹಿಡಿದುಕೊಳ್ಳುತ್ತಿದ್ದರಂತೆ. ಅಪಾಯವಿದ್ದರೂ ಅದರಲ್ಲಿ ಮೋಸವಿಲ್ಲ. ಮೂಟೆ ಸಂತೆ ಮುಟ್ಟಬೇಕು, ಅಷ್ಟೆ. ನಮ್ಮ ಸ್ಪರ್ಧೆಯಲ್ಲಾದರೋ ಮುಂದಿನವನ ಚಕ್ರದ ಹಿಂದೆ ಅಂಟಿಕೊಂಡು ಗಾಳಿಯ ತಡೆಯಿಂದ ತಪ್ಪಿಸಿಕೊಳ್ಳುವುದೂ ತಪ್ಪು. ಹವ್ಯಾಸಿಗಳ ಬಹುತೇಕ ಟ್ರಯಥ್ಲಾನ್‌ಗಳಲ್ಲಿ ಇಬ್ಬರ ನಡುವೆ ಇಷ್ಟು ಮೀಟರ್ ಅಂತರವಿರಬೇಕೆಂಬ ನಿಯಮವಿದೆ. ವಿಚಿತ್ರವೆಂದರೆ ಒಲಿಂಪಿಕ್ಸ್‌ನಲ್ಲಿ ಹಾಗೆ ಅಂಟಿಕೊಳ್ಳಲು ಅನುಮತಿ ಉಂಟು! ಅಂದಮೇಲೆ ಆ ಕೆಲಸದಲ್ಲೇ ಪಾಪವೇನೂ ಅಡಗಿಲ್ಲ. ಮಾಡುವುದಿಲ್ಲವೆಂದು ಒಪ್ಪಿ ಹೊರಟವನು ಮಾಡಿದಾಗಷ್ಟೇ ಅದು ತಪ್ಪಾಗುತ್ತದೆ.

ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರ ತಮ್ಮ ಪುಸ್ತಕದಲ್ಲಿ ಆಟವೆಂದರೇನು ಎಂಬುದನ್ನು ಸುಮಾರು ಹೀಗೆಯೇ ಬಿಡಿಸಿದ್ದಾರೆ. ಅಗತ್ಯವಿಲ್ಲದ ಅಡ್ಡಿಗಳನ್ನು ತಾನಾಗಿ ಎಳೆದುಕೊಂಡು ದಾಟಲು ಯತ್ನಿಸುವುದೇ ಆಟವಂತೆ. ‘ತಾನಾಗಿ’ ಎಂಬ ಮಾತು ನನ್ನನ್ನು ಚುಚ್ಚುತ್ತದೆ. ಹೊಲಕ್ಕೆ ಹೋಗುವವಳು ತನ್ನ ಅಡ್ಡಿಗಳನ್ನು ತಾನಾಗಿ ಎಳೆದುಕೊಂಡಿಲ್ಲ. ಆದುದರಿಂದ ನನ್ನ ದಣಿವಿಗೆ ಹೋರಾಟ, ಸಾಧನೆ, ತಪಸ್ಸು ಎಂಬ ದೊಡ್ಡ ಮಾತುಗಳನ್ನು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಊರಿನ ಕೆಲವು ಸ್ನೇಹಿತರು ಶಾಲು ಹೊದಿಸುವ ಮಾತೆತ್ತಿದಾಗ ಬೇಡವೆಂದೆ. ಬೇಕೆಂದಾಗ ನಿಲ್ಲಿಸಬಹುದಾದ ಕಷ್ಟವದು. (ಓಟದ ಕೊನೆಯ ಎರಡು ಕಿಲೋಮೀಟರಿನಲ್ಲಿ ಕಾಲುಗಳಿಗೆ ಈ ತತ್ತ್ವ ತಿಳಿಯುವುದಿಲ್ಲವೆನ್ನಿ.)

ಹಾಗಾದರೆ ಅದರಲ್ಲಿ ಉಳಿಯುವುದೇನು? ಸೈಕಲ್ಲಿನ ಅರ್ಧ ದಾರಿಯಲ್ಲಿ ಎದುರುಗಾಳಿ ಬೀಸುತ್ತಿತ್ತು. ನನ್ನ ಪ್ರಾಯದವರೇ ಮೂವರು ಒಬ್ಬರ ಹಿಂದೊಬ್ಬರು ಅಂಟಿಕೊಂಡು ನನ್ನನ್ನು ದಾಟಿದರು. ಅವರ ಹಿಂದೆ ಒಂದು ಕ್ಷಣ ಗಾಳಿಯೇ ಇಲ್ಲ. ಬಾಗಿಲು ಮುಚ್ಚಿದ ಹಾಗೆ. ಸುತ್ತ ಮೇಲ್ವಿಚಾರಕರು ಯಾರೂ ಕಾಣಲಿಲ್ಲ. ನನ್ನ ಹೆಸರು ಪಟ್ಟಿಯ ಕೆಳಭಾಗದಲ್ಲಿ ಬರುವಂಥದು, ಒಂದೆರಡು ನಿಮಿಷದಿಂದ ಯಾರ ಪದಕವೂ ತಪ್ಪುತ್ತಿರಲಿಲ್ಲ. ಯಾರಿಗೂ ನಷ್ಟವಿಲ್ಲದ, ಯಾರೂ ಕಾಣದ ಸುಳ್ಳು ಸುಳ್ಳೇ?

ದಿನದ ಬಾಳಿನಲ್ಲಿ ಈ ಪ್ರಶ್ನೆ ಇಷ್ಟು ಬತ್ತಲಾಗಿ ಎದುರು ನಿಲ್ಲುವುದಿಲ್ಲ. ಲೆಕ್ಕ ಸರಿ ಇಡುತ್ತೇನೆ. ಮೇಲಧಿಕಾರಿಯ ಭಯವೂ ಅದರಲ್ಲಿ ಬೆರೆತಿದೆ. ಮಾತು ಉಳಿಸಿಕೊಳ್ಳುತ್ತೇನೆ, ಊರವರ ಕಣ್ಣಿದೆ, ಮಗಳ ಮದುವೆಯಿದೆ. ನನ್ನ ಪ್ರಾಮಾಣಿಕತೆಯಲ್ಲಿ ಹೆದರಿಕೆ ಎಷ್ಟು ಪಾಲು ಎಂದು ಕೇಳಿದರೆ ನಾನು ಹೇಳಲಾರೆ. ಆ ರಸ್ತೆಯಲ್ಲಿ ಭಯವೂ ಇರಲಿಲ್ಲ, ಲಾಭವೂ ಇರಲಿಲ್ಲ. ನಾನು ಹಿಂದೆ ಸರಿದೆ. ಪುಣ್ಯ ಬರಲೆಂದಲ್ಲ. ಸರಪಳಿ ಹಿಡಿದರೂ ದೊಡ್ಡಪ್ಪನ ಮೂಟೆ ಸಂತೆ ಮುಟ್ಟುತ್ತಿತ್ತು. ನನ್ನ ಬಳಿ ಮೂಟೆಯೇ ಇಲ್ಲವಲ್ಲ, ಅಂಟಿಕೊಂಡು ಹೋಗಿದ್ದರೆ ಮುಟ್ಟಿಸಿದ್ದೇನು?

ದೊಡ್ಡಪ್ಪನಿಗೆ ಇಷ್ಟನ್ನು ಹೇಗೋ ಹೇಳಿದೆ. “ಗಾಳಿಗೆ ಎದುರಾಗಿ ಒಬ್ಬನೇ ತುಳಿದ್ಯಾ?” ಎಂದಷ್ಟೇ ಕೇಳಿ ಸುಮ್ಮನಾದರು. ಹೊಲದ ಹೆಂಗಸರಿಗೆ ಹೇಳುವ ಬಗೆ ಮಾತ್ರ ನನಗಿನ್ನೂ ತಿಳಿದಿಲ್ಲ. ಬೆಳಗ್ಗೆ ಅವರು ಎದುರಾದರೆ ಓಟ ನಿಲ್ಲಿಸಿ, ಅವರು ದಾಟಿ ಹೋಗುವ ತನಕ ನಡೆಯುತ್ತೇನೆ.