ಇಂದಿನ ಚಿಂತನೆ: ಕಲ್ಲಾಗಿ ಕೂತ ಮಿಡಚಿ

ಹೋದ ವಾರ ಒಂದು ರಾತ್ರಿ ಬೆಂಗಳೂರಿನಿಂದ ನನ್ನ ಅಕ್ಕನ ಮಗ ಫೋನ್ ಮಾಡಿದ. ಹೊಸ ನೌಕರಿ, ಹೊಸ ಊರು. ಮೂರು ವಾರದಿಂದ ಬಾಡಿಗೆ ಮನೆ ಹುಡುಕುತ್ತಿದ್ದ. ಮನೆ ಸಿಕ್ಕಿತು ಅಂದ, ಆದರೆ ದನಿಯಲ್ಲಿ ಖುಷಿ ಇರಲಿಲ್ಲ.

"ಮಾವಾ, ಮನಿ ಮಾಲಕ್ರು ನಿಮ್ದು ಯಾವ ಮಂದಿ ಅಂತ ಕೇಳಿದ್ರು. ನಾ ಬ್ಯಾರೆ ಜಾತಿ ಹೆಸರ ಹೇಳಿಬಿಟ್ಟೆ. ಬಾಬಾಸಾಹೇಬರ ಫೋಟೋ ಟ್ರಂಕಿನ್ಯಾಗ ಐತಿ. ನಾ ಶೀಲ ಮುರದಂಗಾತೇನು?"

ಪಂಚಶೀಲದ ನಾಲ್ಕನೆಯದು ಸುಳ್ಳಾಡದಿರುವುದು. ಅದನ್ನು ಅವನಿಗೆ ಕಲಿಸಿದವನೇ ನಾನು. ಕೂಡಲೇ ಉತ್ತರ ಹೊಳೆಯಲಿಲ್ಲ. "ನಾಳೆ ಮಾತಾಡೋಣಪಾ" ಅಂದು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಎಂದಿನಂತೆ ಕಳಸಾಪುರದ ಹೊಲಗಳ ಕಡೆ ನಡೆದೆ. ಬಿತ್ತದೆ ಬಿಟ್ಟ ಮಸಾರಿ ನೆಲ, ತುಂಬ ಸಣ್ಣ ಸಣ್ಣ ಕಲ್ಲು. ಕಾಲಿಡುವಷ್ಟರಲ್ಲಿ ಅದರಲ್ಲಿ ಒಂದು ಕಲ್ಲು ಜಿಗಿದು ಎರಡು ಮಾರು ಆಚೆ ಬಿತ್ತು. ನೋಡಿದರೆ ಮಿಡಚಿ. ಬಿದ್ದ ಜಾಗ ಕಣ್ಣಿಗೆ ಗೊತ್ತು, ಆದರೂ ಹುಡುಕಲು ಹೊತ್ತು ಹಿಡಿಯಿತು. ಚಪ್ಪಟೆ ಮೈ, ಬೆನ್ನ ಮೇಲೆ ಮರಳು ಅಂಟಿದಂಥ ಗಂಟು, ಮಣ್ಣಿನದೇ ಬಣ್ಣ. ನಮ್ಮ ರೈತರಿಗೆ ಇದು ಹೊಸದಲ್ಲ. ಬೆಳೆ ಮೊಳಕೆಯೊಡೆದಾಗ ಎಳೆ ಸಸಿ ಕಡಿಯುವ ಮಿಡಚಿ. ವಿಜ್ಞಾನಿಗಳು ಇದನ್ನು ಕ್ರೋಟೊಗೋನಸ್ ಎನ್ನುತ್ತಾರೆ.

ಈ ಬಣ್ಣ ಅದಕ್ಕೆ ಎಲ್ಲಿಂದ ಬಂತು? ಮಿಡಚಿ ಯೋಚನೆ ಮಾಡಿ ಹಚ್ಚಿಕೊಂಡದ್ದಲ್ಲ. ಎಷ್ಟೋ ಸಾವಿರ ತಲೆಮಾರುಗಳಲ್ಲಿ ಹಕ್ಕಿಯ ಕಣ್ಣಿಗೆ ಬಿದ್ದವು ಸತ್ತವು, ಬೀಳದವು ಉಳಿದು ಮೊಟ್ಟೆಯಿಟ್ಟವು. ಹಾಗೆ ನೋಡಿದರೆ ಅದರ ಬೆನ್ನಿಗೆ ಆ ಬಣ್ಣ ಬರೆದದ್ದು ಅದನ್ನು ತಿನ್ನುವ ಹಕ್ಕಿಯ ಕಣ್ಣು.

ಇನ್ನೊಂದು ಸಂಗತಿ. ಬಣ್ಣವೊಂದೇ ಸಾಲದು. ಅಲುಗಾಡಿದರೆ ಹಕ್ಕಿಗೆ ಗೊತ್ತಾಗುತ್ತದೆ. ಹಕ್ಕಿ ಸುತ್ತಮುತ್ತ ಇರುವಷ್ಟು ಹೊತ್ತು ಅದು ಮೇಯುವಂತಿಲ್ಲ, ಜೊತೆಯ ಮಿಡಚಿಯ ಹತ್ತಿರ ಹೋಗುವಂತಿಲ್ಲ. ಕಲ್ಲಿನಂತೆ ಕಾಣಬೇಕಾದರೆ ಕಲ್ಲಿನಂತೆಯೇ ಇರಬೇಕು.

ಇಲ್ಲಿಗೆ ಬಂದಾಗ ನನಗೆ ನನ್ನದೇ ಕಥೆ ನೆನಪಾಯಿತು. ಇದುವರೆಗೆ ಈ ಬಳಗದಲ್ಲಿ ಹೇಳಿಲ್ಲ.

35 ವರ್ಷದ ಹಿಂದೆ ನೌಕರಿಗೆಂದು ಬೇರೆ ಊರಿಗೆ ಹೋದಾಗ ನಾನೂ ಹೀಗೇ ಸುಳ್ಳು ಹೇಳಿ ಒಂದು ಖೋಲಿ ಹಿಡಿದಿದ್ದೆ. ಅಲ್ಲಿದ್ದ 2 ವರ್ಷ ಯಾರ ಮನೆಗೂ ಊಟಕ್ಕೆ ಹೋಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಏಪ್ರಿಲ್ 14ರಂದು ಬಾಗಿಲು ಹಾಕಿಕೊಂಡು ಒಬ್ಬನೇ ಕೂತೆ. ಒಮ್ಮೆ ಅವ್ವ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೇಳದೆ ಬಂದಳು. ಬಸ್ ಸ್ಟ್ಯಾಂಡಿನಿಂದ ಯಾರ ಕೈಲೋ ಆಫೀಸಿಗೆ ಹೇಳಿ ಕಳಿಸಿದಳು. ಹೋಗಿ ಗಂಟು ಇಸಿದುಕೊಂಡೆ. "ನಿನ್ನ ಖೋಲಿ ನೋಡಿ ಹೋಗ್ತೀನಪಾ" ಅಂದಳು. "ಕೀಲಿ ಮಾಲಕರ ಹಂತ್ಯಾಕ ಐತವ್ವ" ಅಂದೆ. ಕೀಲಿ ನನ್ನ ಕಿಸೆಯಲ್ಲೇ ಇತ್ತು. ಮುಂದಿನ ಬಸ್ಸಿಗೆ ಹತ್ತಿಸಿ ಕಳಿಸಿದೆ. ಅವಳು ಮತ್ತೆಂದೂ ಬರುತ್ತೇನೆ ಅನ್ನಲಿಲ್ಲ. ಈಗ ಅವಳಿಲ್ಲ.

ಮಾಲಕರಿಗೆ ಹೇಳಿದ ಸುಳ್ಳು ನನ್ನನ್ನು ಕಾಡುವುದಿಲ್ಲ. ಅವ್ವಗೆ ಹೇಳಿದ್ದು ಇಂದಿಗೂ ಕಾಡುತ್ತದೆ.

ಬುದ್ಧರು ತಮ್ಮ ಮಗ ರಾಹುಲನಿಗೆ ತಮಾಷೆಗೂ ಸುಳ್ಳಾಡಬಾರದೆಂದು ಕಲಿಸಿದರು. ಆದ್ದರಿಂದ ಹುಡುಗ ಹೇಳಿದ್ದು ಸುಳ್ಳೇ ಅಲ್ಲ ಎಂದು ನಾನು ಹೇಳಲಾರೆ. ಆದರೆ ಅವರು ಕರ್ಮವನ್ನು ಅಳೆದದ್ದು ಚೇತನದಿಂದ, ಅಂದರೆ ಮನಸ್ಸಿನ ಉದ್ದೇಶದಿಂದ. ದುಃಖ ಕಂಡಲ್ಲಿ ಅದರ ಕಾರಣ ಹುಡುಕಬೇಕೆಂದೂ ಕಲಿಸಿದರು. ಹುಡುಗನ ಉದ್ದೇಶ ಯಾರಿಗೂ ಮೋಸ ಮಾಡುವುದಾಗಿರಲಿಲ್ಲ, ತಲೆಯ ಮೇಲೊಂದು ಸೂರು ಬೇಕಿತ್ತು, ಅಷ್ಟೇ. ಕಾರಣ ಹುಡುಕುತ್ತ ಹೋದರೆ ಆ ಸುಳ್ಳಿನ ಬೇರು ಅವನ ನಾಲಿಗೆಯಲ್ಲಿಲ್ಲ, "ನಿಮ್ದು ಯಾವ ಮಂದಿ" ಎಂಬ ಪ್ರಶ್ನೆಯಲ್ಲಿದೆ.

ಬಾಬಾಸಾಹೇಬರೂ ಈ ಸಂಕಟ ಉಂಡವರೇ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಉಳಿಯಲು ಜಾಗವಿಲ್ಲದೆ, ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹ ಸೇರಿದರು. 11ನೇ ದಿನ ಬಡಿಗೆ ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ಗೆಳೆಯರ ಮನೆಯಲ್ಲೂ ಜಾಗ ಸಿಗಲಿಲ್ಲ. ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬಯಿಗೆ ಮರಳಿದರು. ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ? ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟರು. ಬೇರೆ ಹೆಸರು ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಒಂದು ಕಾಲಕ್ಕೆ ಅಡಗಬೇಕಾಯಿತು, ಆದರೆ ಅಡಗಿದ್ದನ್ನು ಅವಮಾನವೆಂದು ಒಳಗೇ ಇಟ್ಟುಕೊಳ್ಳಲಿಲ್ಲ. ಅವಮಾನ ಯಾರದೆಂದು ಅವರಿಗೆ ಗೊತ್ತಿತ್ತು.

ಇಂಗ್ಲೆಂಡಿನಲ್ಲಿ ಒಂದು ಪತಂಗವಿದೆ. ಮರದ ಮೇಲಿನ ಕಲ್ಲುಹೂವಿನ ಬಣ್ಣಕ್ಕೆ ಹೊಂದುವ ಬಿಳಿಚಿದ ರೆಕ್ಕೆ ಅದರದು. ಕಾರ್ಖಾನೆಗಳ ಹೊಗೆಯಿಂದ ಮರಗಳು ಕಪ್ಪಾದವು. ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ಮೊದಲು ಕಂಡ ಕಪ್ಪು ಪತಂಗಗಳೇ 1895ರ ಹೊತ್ತಿಗೆ ಅಲ್ಲಿ ಹೆಚ್ಚುಕಡಿಮೆ ಎಲ್ಲವೂ ಆದವು. 1956ರಲ್ಲಿ ಅಲ್ಲಿ ಗಾಳಿ ಶುದ್ಧಗೊಳಿಸುವ ಕಾಯ್ದೆ ಬಂತು. ಹೊಗೆ ಕಡಿಮೆಯಾದಂತೆ ಬಿಳಿ ಪತಂಗಗಳು ಮತ್ತೆ ಹೆಚ್ಚಿದವು. ಬಣ್ಣದಲ್ಲಿ ಮೇಲುಕೀಳಿಲ್ಲ. ಯಾರೂ ಪತಂಗಕ್ಕೆ ಬುದ್ಧಿ ಹೇಳಿ ತಿದ್ದಲಿಲ್ಲ, ಗಾಳಿಯನ್ನು ತಿದ್ದಿದರು. ಅದೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಡನೆ ಧಮ್ಮದೀಕ್ಷೆ ಪಡೆದರು. ಅವರಿಗೂ ಬೇಕಾಗಿದ್ದದ್ದು ನಮ್ಮ ಜನ ಉಸಿರಾಡುವ ಗಾಳಿ ಬದಲಾಗುವುದೇ.

ಮಿಡಚಿಗೆ ಗಾಳಿ, ನೆಲ ಬದಲಿಸಲು ಬರುವುದಿಲ್ಲ. ಮನುಷ್ಯರಿಗೆ ಬರುತ್ತದೆ, ಅದಕ್ಕೇ ಸಂಘ ಇರುವುದು.

ಅಕ್ಕನ ಮಗನಿಗೆ ಫೋನ್ ಮಾಡಿದೆ. "ಹೇಳಿದ್ದು ಸುಳ್ಳ ಹೌದು. ಆದ್ರ ಅದರ ಲೆಕ್ಕ ಮೊದಲು ನಿನ್ನ ಹೆಸರಿಗೆ ಬರಿಯಂಗಿಲ್ಲ. ಫೋಟೋ ಯಾವಾಗ ಹೊರಗ ತಗೀಬೇಕು ಅಂತ ನಾ ಇಲ್ಲಿ ಕುಂತು ಹೇಳಾಕ ಬರೂದಿಲ್ಲ, ಅಲ್ಲಿ ಇರಾಂವ ನೀನು. ಒಂದ ಮಾತು. ನಿಮ್ಮವ್ವ ಬಂದ್ರ ಖೋಲಿಗೆ ಕರ್ಕೊಂಡ ಹೋಗು. ಬಸ್ ಸ್ಟ್ಯಾಂಡಿನಿಂದ ಕಳಸಬ್ಯಾಡ" ಅಂದೆ. ನನ್ನ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಮುಂದಿನ ತಿಂಗಳ ಅವ್ವನ್ನ ಕರಸ್ತೀನಿ ಮಾವಾ" ಅಂದ.

ಬಂಧುಗಳೇ, ನಮ್ಮಲ್ಲಿ ಅಡಗಿ ಬದುಕುವವರನ್ನು ಕಂಡರೆ "ಹೆದರಪುಕ್ಕ" ಎನ್ನುವುದು ಸುಲಭ. ಅದರ ಬದಲು, ನಗರದಲ್ಲಿ ಮನೆ ಇರುವವರು ಒಂದು ಖೋಲಿಯನ್ನು ನಮ್ಮ ಮಕ್ಕಳಿಗೆ ಕೊಡಬಹುದು. ಜಾತಿ ಕೇಳದೆ ಮನೆ ಕೊಟ್ಟ ಮಾಲಕರ ವಿಷಯವನ್ನು ಹುಡುಕುತ್ತಿರುವವರಿಗೆ ತಿಳಿಸಬಹುದು. ಭಾನುವಾರದ ವಂದನೆಯ ನಂತರ ಇಂಥ ಮಾತನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಜಾಗ ಮಾಡಬಹುದು.

ಇಂದು ಧ್ಯಾನಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಬೇರೆಯವರಿಗೆ ಹೆದರಿ ನಾನು ನನ್ನವರಿಂದ ಏನನ್ನು ಮುಚ್ಚಿಟ್ಟಿದ್ದೇನೆ?

ನಮೋ ಬುದ್ಧಾಯ. ಜೈಭೀಮ್.